ಚರಂಡಿಯನ್ನೂ ನೋಡಿದ ದಿವಾನರು: ಸರ್ ಮಿರ್ಜಾ ಇಸ್ಮಾಯಿಲ್

ಪುರಸಭೆ ಎಂದಾಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಕಂದಾಯದ ರಸೀದಿ, ಬಾರದ ನೀರು, ತುಂಬಿದ ಚರಂಡಿ ಮತ್ತು ಅಂಗಡಿಯ ಲೈಸೆನ್ಸ್. ವ್ಯಾಪಾರಿಗೆ ಪುರಸಭೆಯ ಇನ್‌ಸ್ಪೆಕ್ಟರ್ ಎಂದರೆ ಒಂದು ತೊಂದರೆ. ನಾಗರಿಕನಿಗೆ ಪುರಸಭೆ ಎಂದರೆ ಒಂದು ದೂರು. ಇವೆರಡರ ನಡುವೆ ಊರಿನ ಆಡಳಿತವೂ ಒಂದು ಅಮಾನತ್ತು, ಅದರ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ ಎಂಬ ವಿಚಾರ ಮರೆತೇ ಹೋಗಿದೆ. ರಾಜ್ಯವನ್ನು ಆಳುವುದು ದೊಡ್ಡ ಕೆಲಸ, ಬೀದಿ ಗುಡಿಸುವುದು ಸಣ್ಣ ಕೆಲಸ ಎಂದು ನಾವು ಭಾವಿಸಿದ್ದೇವೆ.

ಆದರೆ ಇಡೀ ಮೈಸೂರು ಸಂಸ್ಥಾನದ ಹೊಣೆ ಹೊತ್ತಿದ್ದರೂ ಬೀದಿಯ ದೀಪ, ಚರಂಡಿ, ಮಾರುಕಟ್ಟೆಗಳನ್ನು ಸಣ್ಣ ವಿಷಯವೆಂದು ಎಂದೂ ಭಾವಿಸದ ಮುಸ್ಲಿಮ್ ಆಡಳಿತಗಾರರೊಬ್ಬರು ನಮ್ಮ ನಾಡಿನಲ್ಲೇ ಇದ್ದರು. 1926ರಿಂದ 1941ರ ತನಕ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರು. ಅವರ ಹೆಸರನ್ನು ಎಲ್ಲರೂ ಕೇಳಿದ್ದಾರೆ. ಬೃಂದಾವನದ ಉದ್ಯಾನವನ್ನೂ ಕಾರ್ಖಾನೆಗಳನ್ನೂ ನೆನೆಯುವವರಿದ್ದಾರೆ. ಆದರೆ ಅವರ ಬದುಕಿನಿಂದ ದಾವಣಗೆರೆಯ ಒಬ್ಬ ಅಂಗಡಿಯವನು, ಹರಿಹರದ ಒಂದು ಕುಟುಂಬ ಕಲಿಯಬೇಕಾದ ಪಾಠದ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ.

ಕುದುರೆ ವ್ಯಾಪಾರಿಯ ಮೊಮ್ಮಗ

ಮಿರ್ಜಾರವರ ಅಜ್ಜ ಆಗಾ ಅಲಿ ಅಸ್ಕರ್ ಇರಾನಿನ ಶೀರಾಜ್‌ನವರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಕುದುರೆಗಳನ್ನು ಮಾರುತ್ತಾ ಬೆಂಗಳೂರಿಗೆ ಬಂದು ಇಲ್ಲಿಯೇ ನೆಲೆಸಿದರು. ಬ್ರಿಟಿಷ್ ಸೈನ್ಯಕ್ಕೂ ಮೈಸೂರಿನ ಅರಮನೆಗೂ ಒಳ್ಳೆಯ ಕುದುರೆಗಳನ್ನು ಒದಗಿಸಿ ಹೆಸರು ಗಳಿಸಿದರು. ಬೆಂಗಳೂರಿನಲ್ಲಿ ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಅವರ ಹೆಸರಿನ ರಸ್ತೆ ಆ ನಗರದಲ್ಲಿ ಈಗಲೂ ಇದೆ. ಮಾರುವ ಕುದುರೆಯ ದೋಷವನ್ನು ಮುಚ್ಚಿಡುವವನು ಹೆಚ್ಚು ಕಾಲ ಬಾಳುವಂತಿಲ್ಲದ ವ್ಯಾಪಾರವದು. ಒಂದು ಮನೆತನ ಪರದೇಶದಲ್ಲಿ ಬೇರೂರಬೇಕಾದರೆ ನಂಬಿಕೆಯೇ ಅದರ ಬಂಡವಾಳವಾಗಿರಬೇಕು.

ಮಿರ್ಜಾರವರು ಹುಟ್ಟಿದ್ದು 1883ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನಲ್ಲಿ. ತಂದೆ ಆಗಾ ಜಾನ್ ಮಹಾರಾಜರ ಅಂಗರಕ್ಷಕ ಅಧಿಕಾರಿಯಾಗಿ ಅರಮನೆಯ ಸೇವೆಯಲ್ಲಿದ್ದರು. ಬಾಲಕ ರಾಜ ನಾಲ್ವಡಿ ಕೃಷ್ಣರಾಜ ಒಡೆಯರ ವಿದ್ಯಾಭ್ಯಾಸಕ್ಕಾಗಿ ಸ್ಟುವರ್ಟ್ ಫ್ರೇಸರ್ ಎಂಬ ಆಂಗ್ಲ ಅಧಿಕಾರಿಯ ಕೈಕೆಳಗೆ ಒಂದು ಸಣ್ಣ ತರಗತಿಯನ್ನು ಏರ್ಪಡಿಸಿದಾಗ, ಜೊತೆಗೆ ಓದಲು ಆರಿಸಲ್ಪಟ್ಟ ಹುಡುಗರಲ್ಲಿ ಮಿರ್ಜಾ ಕೂಡ ಒಬ್ಬರು. ಒಬ್ಬ ಹಿಂದೂ ರಾಜಕುಮಾರ ಮತ್ತು ಒಬ್ಬ ಮುಸ್ಲಿಮ್ ಹುಡುಗನ ನಡುವೆ ಅಲ್ಲಿ ಚಿಗುರಿದ ಸ್ನೇಹ ಜೀವನಪೂರ್ತಿ ಬಾಡಲಿಲ್ಲ.

ಅರಮನೆಯ ಸ್ನೇಹವಿದ್ದರೂ ಮಿರ್ಜಾರವರು ಮೊದಲ ಮೆಟ್ಟಿಲಿನಿಂದಲೇ ಏರಿ ಬಂದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1905ರಲ್ಲಿ ಪದವಿ ಪಡೆದು, ಪೊಲೀಸ್ ಇಲಾಖೆಯಲ್ಲಿ ಅಸಿಸ್ಟೆಂಟ್ ಸೂಪರಿಂಟೆಂಡೆಂಟ್ ಆಗಿ ಸೇರಿದರು. ಕೆಲವು ವರ್ಷಗಳಲ್ಲಿ ಮಹಾರಾಜರ ಕಚೇರಿಗೆ ಬಂದರು. ಹುಜೂರ್ ಸೆಕ್ರೆಟರಿ, ಅನಂತರ ಖಾಸಗಿ ಕಾರ್ಯದರ್ಶಿ, ಕೊನೆಗೆ 1926ರಲ್ಲಿ ದಿವಾನರು. ಆಗ ಅವರಿಗೆ ನಲವತ್ತಮೂರು ವರ್ಷವೂ ತುಂಬಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಡತಗಳ ನಡುವೆ ಕಳೆದಿದ್ದರಿಂದ, ಹೊರಡಿಸಿದ ಆಜ್ಞೆಗೂ ನಡೆದ ಕೆಲಸಕ್ಕೂ ಎಷ್ಟು ಅಂತರವಿರುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಬೆಳಗಿನ ಸುತ್ತಾಟ

ಈ ಅಂತರವನ್ನು ಕಡಿಮೆ ಮಾಡಲು ಮಿರ್ಜಾರವರು ಕಂಡುಕೊಂಡ ದಾರಿ ಬಹಳ ಸರಳ. ಅವರು ಸ್ವತಃ ಹೋಗಿ ನೋಡುತ್ತಿದ್ದರು. ಬೆಳಗಿನ ಹೊತ್ತು ಬೆಂಗಳೂರಿನ ಮತ್ತು ಮೈಸೂರಿನ ಬೀದಿಗಳಲ್ಲಿ ಸುತ್ತಾಡುವುದು ಅವರ ರೂಢಿಯಾಗಿತ್ತು. ಎಲ್ಲಿ ದೀಪ ಉರಿಯುತ್ತಿಲ್ಲ, ಎಲ್ಲಿ ಕಸ ಬಿದ್ದಿದೆ, ಯಾವ ಗಿಡಕ್ಕೆ ನೀರು ಹಾಕಿಲ್ಲ, ಎಲ್ಲಿ ರಸ್ತೆ ಕಿತ್ತಿದೆ ಎಂಬುದನ್ನು ಕಣ್ಣಾರೆ ಕಂಡು ಸಂಬಂಧಪಟ್ಟ ಅಧಿಕಾರಿಗೆ ತಿಳಿಸುತ್ತಿದ್ದರು. ತಿಳಿಸಿ ಸುಮ್ಮನಾಗುತ್ತಿರಲಿಲ್ಲ, ಮತ್ತೆ ಬಂದು ನೋಡುತ್ತಿದ್ದರು. ಜಿಲ್ಲೆಗಳ ಪ್ರವಾಸ ಹೋದಾಗಲೂ ಇದೇ ಕ್ರಮ. ದಿವಾನರು ಬರುತ್ತಾರೆಂದರೆ ಊರಿನ ಪುರಸಭೆಯವರು ಚರಂಡಿಯನ್ನು ನೋಡಿಕೊಳ್ಳಬೇಕಾಗಿತ್ತು.

ದಿವಾನರಿಗೆ ಇದೆಲ್ಲ ಏಕೆ ಎಂದು ಟೀಕಿಸಿದವರಿದ್ದರು. ಹಳ್ಳಿಗಳು ಬಡತನದಲ್ಲಿರುವಾಗ ನಗರಗಳನ್ನು ಸಿಂಗರಿಸುವುದು ಸರಿಯೇ ಎಂಬ ಪ್ರಶ್ನೆಯೂ ಇತ್ತು. ಆ ಟೀಕೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ಅವರು ಮಾಡಿಸಿದ್ದು ಸಿಂಗಾರ ಮಾತ್ರವಲ್ಲ. ಹೆಸರಘಟ್ಟದ ನೀರು ಸಾಲದಾಗಿದ್ದ ಬೆಂಗಳೂರಿಗೆ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರದ ನೀರು ದೊರೆತದ್ದು 1933ರಲ್ಲಿ, ಅವರ ಕಾಲದಲ್ಲಿ. ಊರಿನ ಜನ ಸಭೆ ಸೇರಲು ಬೆಂಗಳೂರಿನ ಪುರಭವನ ಎದ್ದು ನಿಂತು 1935ರಲ್ಲಿ ಬಾಗಿಲು ತೆರೆಯಿತು. ಆ ಭವನಕ್ಕೆ ಇಟ್ಟದ್ದು ರಾಜನ ಹೆಸರನ್ನಲ್ಲ, ದಿವಾನರ ಹೆಸರನ್ನೂ ಅಲ್ಲ. ಬೆಂಗಳೂರು ಪುರಸಭೆಯ ಅಧ್ಯಕ್ಷರಾಗಿ ದುಡಿದಿದ್ದ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರನ್ನು.

ಕಾನೂನಿನ ಚೌಕಟ್ಟೂ ಬಲಗೊಂಡಿತು. ಬೆಂಗಳೂರು, ಮೈಸೂರು ನಗರಗಳಿಗಾಗಿ 1933ರಲ್ಲಿ ನಗರ ಪುರಸಭೆಗಳ ಕಾಯಿದೆ ಬಂತು. ಹಳ್ಳಿಗಳ ಪಂಚಾಯಿತಿಗಳಿಗೆ 1926ರ ಕಾಯಿದೆ ಇತ್ತು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಚಿತ್ರದುರ್ಗ, ಶಿವಮೊಗ್ಗ, ಕೋಲಾರ ಮುಂತಾದ ಜಿಲ್ಲೆಗಳ ಪ್ರತಿನಿಧಿಗಳು ತಮ್ಮೂರಿನ ರಸ್ತೆ, ನೀರು, ಶಾಲೆಗಳ ಅಹವಾಲನ್ನು ದಿವಾನರ ಮುಂದೆ ಇಡುತ್ತಿದ್ದರು. ಅಧ್ಯಕ್ಷ ಪೀಠದಲ್ಲಿದ್ದ ದಿವಾನರು ಅದನ್ನು ಕೇಳಿಸಿಕೊಳ್ಳಬೇಕಿತ್ತು. ಇಂದಿನ ಅರ್ಥದ ಪ್ರಜಾಪ್ರಭುತ್ವ ಅದಾಗಿರಲಿಲ್ಲ. ಆದರೂ ಊರಿನ ಚರಂಡಿಯ ಮಾತು ರಾಜ್ಯದ ಸಭೆಯ ತನಕ ಹೋಗುವ ಒಂದು ಹಾದಿಯಾಗಿತ್ತು.

ದಾವಣಗೆರೆ ಮತ್ತು ಹರಿಹರ

ದಾವಣಗೆರೆ ವ್ಯಾಪಾರದಿಂದಲೇ ಹುಟ್ಟಿ ಬೆಳೆದ ಊರು. ಹಿಂದೆ ಅದು ಬೇತೂರಿನ ಮಗ್ಗುಲಿನ ಒಂದು ಸಣ್ಣ ಹಳ್ಳಿ. ಹೈದರ್ ಅಲಿಯವರು ಆಪೋಜಿ ರಾಮ್ ಎಂಬ ಮರಾಠ ಸರದಾರನಿಗೆ ಅದನ್ನು ಜಹಗೀರಾಗಿ ಕೊಟ್ಟರು. ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಮುಸ್ಲಿಮ್ ದೊರೆ ಕೊಟ್ಟ ಊರು, ಮರಾಠ ಸರದಾರ ಕಟ್ಟಿದ ಪೇಟೆ, ಲಿಂಗಾಯತ, ಮುಸ್ಲಿಮ್ ಮೊದಲಾದ ಎಲ್ಲ ಸಮುದಾಯದ ವ್ಯಾಪಾರಿಗಳು ಬೆಳೆಸಿದ ಮಂಡಿ: ಇದು ದಾವಣಗೆರೆಯ ಮೂಲ. 1870ರಲ್ಲಿ ಅಲ್ಲಿ ಪುರಸಭೆ ಸ್ಥಾಪನೆಯಾಯಿತು. ವ್ಯಾಪಾರ ಬೆಳೆದಂತೆ ಅದನ್ನು ಒಂದು ಶಿಸ್ತಿಗೆ ಒಳಪಡಿಸುವ ಸಂಸ್ಥೆ ಬೇಕಾಗುತ್ತದೆ. ಬಂಡಿಗಳು ನಿಲ್ಲಲು ಜಾಗ, ತೂಕಕ್ಕೆ ಒಂದು ಅಳತೆ, ಮಾಂಸದ ಅಂಗಡಿಗೆ ಒಂದು ಸ್ಥಳ, ಕುಡಿಯುವ ನೀರಿನ ಬಾವಿಯಿಂದ ದೂರವಿರುವ ಚರಂಡಿ - ಇವು ತಾವಾಗಿ ಆಗುವುದಿಲ್ಲ. ಒಬ್ಬೊಬ್ಬ ವ್ಯಾಪಾರಿಯೂ ತನ್ನ ಲಾಭವನ್ನಷ್ಟೇ ನೋಡಿಕೊಂಡರೆ ಎಲ್ಲರ ಆರೋಗ್ಯವೂ ಕೆಡುತ್ತದೆ.

ಮಿರ್ಜಾರವರ ಕಾಲದಲ್ಲಿ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ದೊಡ್ಡ ವ್ಯಾಪಾರ ಕೇಂದ್ರವಾಗಿತ್ತು. ಸುತ್ತಲಿನ ಕಪ್ಪು ನೆಲದ ಹತ್ತಿ ಅಲ್ಲಿನ ಮಂಡಿಗೆ ಬರುತ್ತಿತ್ತು. ಮುಂದೆ ಹತ್ತಿ ಗಿರಣಿಗಳು ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ಗಿರಣಿ ಬಂದ ಊರಿಗೆ ಕೂಲಿಗಳು ಬರುತ್ತಾರೆ. ಕೂಲಿಗಳು ಬಂದರೆ ಮನೆ, ನೀರು, ಆಸ್ಪತ್ರೆ ಬೇಕಾಗುತ್ತದೆ. ಕೈಗಾರಿಕೆಯನ್ನು ಕರೆತರುವ ಆಡಳಿತ ನಗರದ ನೈರ್ಮಲ್ಯವನ್ನು ಮರೆಯುವಂತಿಲ್ಲ.

ಹರಿಹರದ ಕಥೆಯಲ್ಲಿ ಮಿರ್ಜಾರವರ ಪಾಲು ಇನ್ನೂ ನೇರವಾದದ್ದು. ತುಂಗಭದ್ರೆಯ ದಡದ ಈ ಊರು ಸಂಸ್ಥಾನದ ಗಡಿಯಲ್ಲಿತ್ತು. ನದಿ ದಾಟಿದರೆ ಬೊಂಬಾಯಿ ಪ್ರಾಂತ್ಯ. ರೈಲು ಇತ್ತು, ನೀರಿತ್ತು. ಮಹಾರಾಷ್ಟ್ರದ ಕಿರ್ಲೋಸ್ಕರ್ ಕುಟುಂಬದ ಉದ್ಯಮಿಗಳಿಗೆ ಮೈಸೂರಿನಲ್ಲಿ ಕಾರ್ಖಾನೆ ತೆರೆಯಲು ಮಿರ್ಜಾರವರ ಆಡಳಿತ ಆಹ್ವಾನವಿತ್ತು ನೆರವಾಯಿತು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪೆನಿ ಹರಿಹರದಲ್ಲಿ ಸ್ಥಾಪನೆಯಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಮೂಲೆ ಮೂಲೆಗೆ ಹೋದವು. ಎರಡು ಮೂರು ತಲೆಮಾರು ಹರಿಹರದ ಮನೆಗಳಲ್ಲಿ ಆ ಕಾರ್ಖಾನೆಯ ಸಂಬಳದಿಂದ ಒಲೆ ಉರಿಯಿತು. ಕಾರ್ಖಾನೆ ಈಗ ಮುಚ್ಚಿಹೋಗಿದೆ. ಆದರೆ ಗಡಿಯ ಒಂದು ಸಣ್ಣ ಊರಿಗೆ ಯಂತ್ರಗಳ ಜ್ಞಾನವನ್ನು ತಂದ ತೀರ್ಮಾನ ವ್ಯರ್ಥವಾಗಲಿಲ್ಲ.

ಹೀಗೆ ಮಿರ್ಜಾರವರಲ್ಲಿ ಎರಡು ಗುಣಗಳು ಒಟ್ಟಿಗೆ ಇದ್ದವು. ಒಂದು ಕಡೆ ಅವರು ಉದ್ಯಮಿಗಳ ಸ್ನೇಹಿತರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, ಬೆಂಗಳೂರಿನ ಪಿಂಗಾಣಿ ಕಾರ್ಖಾನೆ, 1940ರಲ್ಲಿ ವಾಲ್‌ಚಂದ್ ಹೀರಾಚಂದರ ಜೊತೆಗೂಡಿ ಆರಂಭವಾದ ವಿಮಾನ ಕಾರ್ಖಾನೆ ಎಲ್ಲವೂ ಅವರ ದಿವಾನಗಿರಿಯ ಕಾಲದ ಫಲಗಳು. ಇನ್ನೊಂದು ಕಡೆ ನಿಯಮ ಮೀರಿ ಬೀದಿಗೆ ಚಾಚಿದ ಅಂಗಡಿಯನ್ನು, ರಸ್ತೆಗೆ ಸುರಿದ ಕಸವನ್ನು ಅವರು ಸಹಿಸುತ್ತಿರಲಿಲ್ಲ. ವ್ಯಾಪಾರಕ್ಕೆ ಪ್ರೋತ್ಸಾಹ ಮತ್ತು ವ್ಯಾಪಾರದ ಮೇಲೆ ನಿಯಂತ್ರಣ - ಇವೆರಡು ಒಂದಕ್ಕೊಂದು ವಿರುದ್ಧವೆಂದು ಅವರಿಗೆ ತೋರಲಿಲ್ಲ.

ಪರೀಕ್ಷೆಯ ದಿನಗಳು

ಇಷ್ಟಾದರೂ ಅವರ ದಾರಿ ಹೂವಿನ ಹಾಸಿಗೆಯಾಗಿರಲಿಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಷಯವಾಗಿ ಗಲಭೆಯೆದ್ದಿತು. ದಿವಾನರು ಮುಸ್ಲಿಮರೆಂಬ ಕಾರಣಕ್ಕೆ ಅವರ ನಿಷ್ಪಕ್ಷಪಾತವನ್ನೇ ಸಂಶಯಿಸಿ ಪತ್ರಿಕೆಗಳಲ್ಲೂ ಸಭೆಗಳಲ್ಲೂ ಮಾತುಗಳು ಬಂದವು. ಘಟನೆಯ ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಆಡಳಿತದ ಲೋಪಗಳನ್ನು ಹೊರಗಿನವರು ಪರೀಕ್ಷಿಸುವಂತಾಯಿತು. ಅಧಿಕಾರದಲ್ಲಿರುವ ಅಲ್ಪಸಂಖ್ಯಾತನೊಬ್ಬನಿಗೆ ಇದು ಕಠಿಣ ಪರೀಕ್ಷೆ. ತನ್ನವರಿಗೆ ಒಲಿದರೆ ಅನ್ಯಾಯ, ಆರೋಪಕ್ಕೆ ಹೆದರಿ ತನ್ನವರ ಹಕ್ಕನ್ನು ಕಡೆಗಣಿಸಿದರೂ ಅನ್ಯಾಯ. ಮಿರ್ಜಾರವರು ಇದರ ನಂತರವೂ ಹದಿಮೂರು ವರ್ಷ ದಿವಾನರಾಗಿಯೇ ಉಳಿದರು. ಮಹಾರಾಜರ ವಿಶ್ವಾಸ ಒಂದು ದಿನವೂ ಕುಂದಲಿಲ್ಲ.

ಅವರ ಆಡಳಿತದ ಮೇಲೆ ಒಂದು ಕಪ್ಪು ನೆರಳೂ ಇದೆ. ಅದನ್ನು ಮರೆಮಾಚಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂಬ ಕಾಂಗ್ರೆಸ್ಸಿನ ಚಳವಳಿಯನ್ನು ಅವರು ಬಹಳ ಕಾಲ ಬಿಗಿಯಾಗಿಯೇ ಎದುರಿಸಿದರು. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಅದೇ ತಿಂಗಳ 25ರಂದು ಕೋಲಾರ ಜಿಲ್ಲೆಯ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ಕಳೆದುಕೊಂಡರು. ಬೀದಿಯ ದೀಪವನ್ನು ನೋಡಿದ ಕಣ್ಣು ಜನರ ಆಶೆಯನ್ನು ಸಕಾಲದಲ್ಲಿ ನೋಡಲಿಲ್ಲ. ಅನಂತರ ಸರ್ದಾರ್ ಪಟೇಲರು ಬಂದು ಮಾತುಕತೆ ನಡೆಸಿದಾಗ ಮಿರ್ಜಾರವರು ಹಟ ಹಿಡಿಯಲಿಲ್ಲ. ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಒಪ್ಪಂದವಾಯಿತು. ಒಳ್ಳೆಯ ಆಡಳಿತ ಎಷ್ಟೇ ಒಳ್ಳೆಯದಾದರೂ ಜನರ ಸಮ್ಮತಿಯ ಸ್ಥಾನವನ್ನು ಅದು ತುಂಬಲಾರದು ಎಂಬ ಪಾಠ ಈ ಘಟನೆಯಲ್ಲಿದೆ. ನಗರಗಳ ಆಡಳಿತಕ್ಕೂ ಈ ಮಾತು ಅನ್ವಯಿಸುತ್ತದೆ.

ಜಯಪುರದ ಜಗಲಿಗಳು

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡರು. ಮರುವರ್ಷ ಮಿರ್ಜಾರವರು ರಾಜೀನಾಮೆ ಕೊಟ್ಟು ಹೊರಬಂದರು. 1942ರಲ್ಲಿ ಜಯಪುರ ಸಂಸ್ಥಾನ ಅವರನ್ನು ಪ್ರಧಾನಿಯಾಗಿ ಕರೆಯಿತು. ಅಲ್ಲಿಯೂ ಅವರು ಮೊದಲು ನೋಡಿದ್ದು ನಗರವನ್ನೇ. ಕೋಟೆಯ ಗೋಡೆಯ ಹೊರಗೆ ವಿಶಾಲವಾದ ಬಡಾವಣೆಗಳಿಗೆ ಯೋಜನೆ ಹಾಕಿದರು. ಆ ಹೊಸ ಭಾಗದ ಪ್ರಮುಖ ರಸ್ತೆಗೆ ಅವರ ಹೆಸರೇ ಇದೆ. ಜಯಪುರದ ಜನ ಇಂದಿಗೂ ಅದನ್ನು ಎಂ.ಐ. ರೋಡ್ ಎನ್ನುತ್ತಾರೆ.

ಕೋಟೆಯ ಒಳಗಿನ ಹಳೆಯ ಬಜಾರುಗಳಲ್ಲಿ ಅವರು ಮಾಡಿದ ಕೆಲಸ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು. ಅಂಗಡಿ ಸಾಲುಗಳ ಮುಂದೆ ಉದ್ದಕ್ಕೂ ಚಾವಣಿಯಿರುವ ಜಗಲಿಗಳನ್ನು ಕಟ್ಟಿಸಿದರು. ಬಿಸಿಲು ಮಳೆಗೆ ಸಿಕ್ಕದೆ ಜನ ಅಂಗಡಿಯಿಂದ ಅಂಗಡಿಗೆ ನಡೆದು ಹೋಗಲೆಂಬುದು ಅದರ ಉದ್ದೇಶ. ವ್ಯಾಪಾರಿಗೂ ಲಾಭ, ಗಿರಾಕಿಗೂ ಸುಖ. ಆದರೆ ಮುಂದೆ ಏನಾಯಿತು? ವರ್ಷಗಳು ಕಳೆದಂತೆ ಅಂಗಡಿಯವರು ಒಬ್ಬೊಬ್ಬರಾಗಿ ತಮ್ಮ ಮುಂದಿನ ಜಗಲಿಗೆ ಸಾಮಾನು ಇಟ್ಟರು, ಬಾಗಿಲು ಹಾಕಿದರು, ಗೋಡೆ ಕಟ್ಟಿದರು. ನಡೆಯುವವರಿಗೆಂದು ಕಟ್ಟಿದ ಜಗಲಿ ಅಂಗಡಿಯ ಒಳಭಾಗವಾಯಿತು. ಜನ ಮತ್ತೆ ಬಿಸಿಲಿಗೆ, ವಾಹನಗಳ ನಡುವಿಗೆ ಇಳಿದರು. ಕೊನೆಗೆ 2000ದ ಸುಮಾರಿಗೆ ನ್ಯಾಯಾಲಯದ ಆದೇಶದ ಮೇರೆಗೆ ಆ ಒತ್ತುವರಿಗಳನ್ನು ಒಡೆದು ತೆಗೆಯಬೇಕಾಯಿತು.

ದಾರಿ ಎಲ್ಲರ ಆಸ್ತಿ. ಅದರಲ್ಲಿ ಒಂದು ಮೊಳವನ್ನು ನುಂಗುವವನು ಒಬ್ಬನ ಹಕ್ಕನ್ನಲ್ಲ, ಆ ದಾರಿಯಲ್ಲಿ ನಡೆಯುವ ಪ್ರತಿಯೊಬ್ಬನ ಹಕ್ಕನ್ನೂ ನುಂಗುತ್ತಾನೆ. ಅವರೆಲ್ಲರ ಬಳಿ ಹೋಗಿ ಕ್ಷಮೆ ಕೇಳುವುದು ಯಾರಿಂದ ಸಾಧ್ಯ?

1946ರಲ್ಲಿ ಮಿರ್ಜಾರವರು ಹೈದರಾಬಾದಿನ ಪ್ರಧಾನಿಯಾದರು. ಅಲ್ಲಿನ ರಾಜಕೀಯದ ಉಗ್ರರಿಗೂ ಅವರಿಗೂ ಹೊಂದಲಿಲ್ಲ. ಒಂದು ವರ್ಷ ತುಂಬುವ ಮೊದಲೇ 1947ರಲ್ಲಿ ಆ ಪದವಿಯನ್ನು ಬಿಟ್ಟರು. 1954ರಲ್ಲಿ ತಮ್ಮ ಸಾರ್ವಜನಿಕ ಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1959ರ ಜನವರಿ 5ರಂದು ಹುಟ್ಟಿದ ಊರಾದ ಬೆಂಗಳೂರಿನಲ್ಲಿಯೇ ಕೊನೆಯುಸಿರೆಳೆದರು.

ಮಾರುಕಟ್ಟೆಯ ಮೇಲ್ವಿಚಾರಣೆ ನಮಗೆ ಹೊಸದೇ?

ಮಿರ್ಜಾರವರು ಧರ್ಮೋಪದೇಶಕರಾಗಿರಲಿಲ್ಲ. ಅವರನ್ನು ಹಾಗೆ ಚಿತ್ರಿಸುವುದೂ ಸರಿಯಲ್ಲ. ಆದರೆ ಅವರು ಮಾಡಿದ ಕೆಲಸ ಮುಸ್ಲಿಮ್ ಸಮಾಜದ ಚರಿತ್ರೆಗೆ ಅಪರಿಚಿತವಾದದ್ದಲ್ಲ. ದಾರಿಯಿಂದ ತೊಂದರೆಯ ವಸ್ತುವನ್ನು ತೆಗೆದುಹಾಕುವುದನ್ನು ಪ್ರವಾದಿಯವರು(ಸ) ಈಮಾನಿನ ಒಂದು ಶಾಖೆಯಾಗಿ ಎಣಿಸಿದ್ದು ನಮ್ಮ ಮಕ್ಕಳಿಗೂ ಗೊತ್ತು. ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ತೇವವನ್ನು ಕಂಡು, ಅದನ್ನು ಮೇಲೆ ಇಟ್ಟು ಮಾರುವಂತೆ ವ್ಯಾಪಾರಿಗೆ ತಿಳಿಸಿದ ಘಟನೆಯೂ ಪ್ರಸಿದ್ಧವಾದದ್ದೇ. ಹಝ್ರತ್ ಉಮರ್(ರ) ಮಾರುಕಟ್ಟೆಯ ಕೆಲವು ಹೊಣೆಯನ್ನು ಶಿಫಾ ಬಿಂತಿ ಅಬ್ದುಲ್ಲಾ(ರ) ಎಂಬ ವಿದ್ಯಾವಂತ ಮಹಿಳೆಗೆ ಒಪ್ಪಿಸಿದ್ದರೆಂಬ ವರದಿಗಳಿವೆ. ಮುಂದೆ ಬಗ್ದಾದ್ ಮೊದಲಾದ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ಹನ್ನೊಂದನೆಯ ಶತಮಾನದ ವಿದ್ವಾಂಸ ಅಲ್ ಮಾವರ್ದಿಯವರು ಆತನ ಕರ್ತವ್ಯಗಳನ್ನು ವಿವರವಾಗಿ ಬರೆದಿದ್ದಾರೆ. ತೂಕ ಅಳತೆಗಳ ಪರೀಕ್ಷೆ, ಕಲಬೆರಕೆಯ ತಡೆ, ದಾರಿಗೆ ಅಡ್ಡವಾದ ಕಟ್ಟಡಗಳ ತೆರವು - ಇವೆಲ್ಲ ಅದರಲ್ಲಿ ಸೇರಿದ್ದವು. ಇಂದಿನ ಹೆಲ್ತ್ ಇನ್‌ಸ್ಪೆಕ್ಟರ್ ಮಾಡುವ ಕೆಲಸದ ದೊಡ್ಡ ಪಾಲು ಇದುವೇ.

ಆದ್ದರಿಂದ ಲೈಸೆನ್ಸಿನ ಕಾಗದವನ್ನು ಕೇವಲ ಸರ್ಕಾರದ ಕಿರುಕುಳವೆಂದು ನೋಡುವುದು ಸರಿಯಲ್ಲ. ಕರ್ನಾಟಕದಲ್ಲಿ ಪುರಸಭೆಗಳಿಗೆ 1964ರ ಕಾಯಿದೆಯೂ ಮಹಾನಗರ ಪಾಲಿಕೆಗಳಿಗೆ 1976ರ ಕಾಯಿದೆಯೂ ಇದ್ದವು. ದಾವಣಗೆರೆ 2007ರಲ್ಲಿ ಮಹಾನಗರ ಪಾಲಿಕೆಯಾಯಿತು. ಹೋಟೆಲು, ಮಾಂಸದಂಗಡಿ, ಹಿಟ್ಟಿನ ಗಿರಣಿ, ಕಟ್ಟಿಗೆ ಡಿಪೋ, ವರ್ಕ್‌ಶಾಪು ಮುಂತಾದವುಗಳಿಗೆ ಪರವಾನಗಿ ಬೇಕೆಂಬ ನಿಯಮದ ಹಿಂದೆ ಇರುವ ಪ್ರಶ್ನೆ ಒಂದೇ: ನಿನ್ನ ದುಡಿಮೆಯಿಂದ ನೆರೆಯವನಿಗೆ ಬೆಂಕಿ, ಹೊಗೆ, ದುರ್ನಾತ, ರೋಗ ತಗಲುವುದಿಲ್ಲ ತಾನೆ? ಕಾನೂನು ಕೇಳುವುದಕ್ಕೂ ಮೊದಲೇ ಒಬ್ಬ ವಿಶ್ವಾಸಿ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆಯಿದು.

ಮಂಡಕ್ಕಿಯ ಹೊಗೆ, ನದಿಯ ನೀರು

ಈ ಪ್ರಶ್ನೆಯನ್ನು ದಾವಣಗೆರೆಯಲ್ಲಿ ನಿಂತು ಕೇಳಿಕೊಂಡರೆ ಉತ್ತರ ಸುಲಭವಲ್ಲ. ಮಂಡಕ್ಕಿ ಆ ಊರಿನ ಹೆಮ್ಮೆ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವ ಭಟ್ಟಿಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ನಮ್ಮ ಬಡ ಕುಟುಂಬಗಳವರೇ. ಹೆಂಗಸರೂ ಗಂಡಸರೂ ಬೆಂಕಿಯ ಮುಂದೆ ನಿಂತು ದುಡಿಯುವ ಹಲಾಲ್ ಸಂಪಾದನೆಯದು. ಆದರೆ ಭಟ್ಟಿಗಳ ಒಲೆಗೆ ಹಳೆಯ ಟೈರುಗಳನ್ನು ಹಾಕಿ ಉರಿಸುವ ಬಗ್ಗೆ ವರ್ಷಗಳ ಕಾಲ ದೂರುಗಳು ಬಂದವು. ಟೈರಿನ ಕಪ್ಪು ಹೊಗೆಯನ್ನು ಮೊದಲು ಕುಡಿಯುವವರು ಭಟ್ಟಿಯ ಕೂಲಿಗಳು ಮತ್ತು ಅಕ್ಕಪಕ್ಕದ ಮನೆಯ ಮಕ್ಕಳು. ಅಧಿಕಾರಿಗಳು ನಿಷೇಧ ಹಾಕಿದಾಗ ಅದನ್ನು ಬಡವರ ಹೊಟ್ಟೆಯ ಮೇಲಿನ ಹೊಡೆತವೆಂದು ಭಾವಿಸಿದವರಿದ್ದಾರೆ. ಒಂದು ಮಟ್ಟಿಗೆ ಅದೂ ನಿಜ. ಅಗ್ಗದ ಉರುವಲು ನಿಂತರೆ ಖರ್ಚು ಏರುತ್ತದೆ.

ಇಲ್ಲಿ ಎರಡು ಕಡೆಯವರಿಗೂ ಹೊಣೆಯಿದೆ. ನಿಷೇಧದ ನೋಟಿಸನ್ನು ಅಂಟಿಸಿ ಹೊರಟುಹೋಗುವ ಆಡಳಿತ ಅರ್ಧ ಕೆಲಸವನ್ನಷ್ಟೇ ಮಾಡಿದಂತಾಯಿತು. ಬದಲಿ ಒಲೆ, ಬದಲಿ ಉರುವಲು, ಸಾಲ, ಸರಿಯಾದ ಜಾಗ ಇವುಗಳನ್ನು ಒದಗಿಸುವುದೂ ಅದರ ಕರ್ತವ್ಯ. 2016ರಲ್ಲಿ ದಾವಣಗೆರೆ ದೇಶದ ಮೊದಲ 20 ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಸೇರಿದಾಗ ಮಂಡಕ್ಕಿ ಭಟ್ಟಿ ಪ್ರದೇಶದ ಸುಧಾರಣೆಯೂ ಯೋಜನೆಯಲ್ಲಿ ಸೇರಿತ್ತು. ಇನ್ನೊಂದು ಕಡೆ, ಬಡತನ ನೆರೆಯವನ ಮಗುವಿನ ಎದೆಗೆ ಹೊಗೆ ತುಂಬುವ ಹಕ್ಕನ್ನು ಯಾರಿಗೂ ಕೊಡುವುದಿಲ್ಲ. ಸಂಪಾದನೆ ಹಲಾಲ್ ಆಗಿರಬೇಕಾದರೆ ಸರಕು ಹಲಾಲ್ ಆಗಿದ್ದರೆ ಸಾಲದು. ಅದನ್ನು ತಯಾರಿಸುವ ರೀತಿಯೂ ಇತರರಿಗೆ ಹಾನಿ ಮಾಡದಂತಿರಬೇಕು. ಭಟ್ಟಿಯ ಮಾಲಿಕನ ಹೊಣೆ ಇದರಲ್ಲಿ ಕೂಲಿಯವನಿಗಿಂತ ಹೆಚ್ಚಿನದು, ಏಕೆಂದರೆ ಒಲೆಗೆ ಏನು ಹಾಕಬೇಕೆಂದು ತೀರ್ಮಾನಿಸುವವನು ಅವನು.

ನೀರಿನ ಮಾತೂ ಹಾಗೆಯೇ. ಹರಿಹರದ ಬಳಿಯ ತುಂಗಭದ್ರೆಯ ನೀರನ್ನು ಎತ್ತಿ ದಾವಣಗೆರೆಗೆ ಹರಿಸುತ್ತಾರೆ. ಭದ್ರಾ ನಾಲೆಯ ನೀರು ಬೇರೆ. ಎರಡೂ ಊರುಗಳ ಬಾಯಾರಿಕೆಗೆ ಒಂದೇ ನದಿ. ನದಿಯ ಆಚೆ ದಡದ ಕುಮಾರಪಟ್ಟಣದ ಕೈಗಾರಿಕೆಯ ಕೊಳಚೆಯ ವಿರುದ್ಧ 1980ರ ದಶಕದಲ್ಲಿ ಜನ ಹೋರಾಡಿದ್ದು ಈ ಭಾಗದವರಿಗೆ ನೆನಪಿದೆ. ದೊಡ್ಡ ಕಾರ್ಖಾನೆಯ ತಪ್ಪನ್ನು ಬೆರಳೆತ್ತಿ ತೋರಿಸುವುದು ನಮ್ಮ ಹಕ್ಕು. ಆದರೆ ಕೋಳಿ ಅಂಗಡಿಯ ತ್ಯಾಜ್ಯವನ್ನು, ಕುರ್ಬಾನಿಯ ಮರುದಿನದ ಕರುಳು ಚರ್ಮವನ್ನು, ಮದುವೆಯ ಎಲೆ ಲೋಟಗಳನ್ನು ಚರಂಡಿಗೋ ನದಿಗೋ ಎಸೆದ ಕೈಗೆ ಆ ಬೆರಳನ್ನೆತ್ತುವ ಶಕ್ತಿ ಇರುತ್ತದೆಯೇ? ಆ ಚರಂಡಿಗೆ ಇಳಿದು ಅದನ್ನೆಲ್ಲ ಎತ್ತುವ ಪೌರಕಾರ್ಮಿಕನೂ ಒಬ್ಬ ಮನುಷ್ಯ. ಅವನಿಗೂ ಮನೆ ಮಕ್ಕಳಿದ್ದಾರೆ.

ನಮ್ಮ ಪಾಲು

ಮಿರ್ಜಾರವರ ಕಾಲದಲ್ಲಿ ಇಲ್ಲದ ಒಂದು ಅನುಕೂಲ ಇಂದು ನಮಗಿದೆ. ಅಂದು ದಿವಾನರು ಸ್ವತಃ ಬಂದು ನೋಡಿದರೆ ಕೆಲಸ ಆಗುತ್ತಿತ್ತು. ಇಂದು ನಮ್ಮ ವಾರ್ಡಿನ ಸದಸ್ಯನನ್ನು ಆರಿಸುವವರು ನಾವು. ಕರ್ನಾಟಕದ 2011ರ ಸಕಾಲ ಕಾಯಿದೆಯಿಂದಾಗಿ ಇಂತಿಷ್ಟು ದಿನಗಳಲ್ಲಿ ಸೇವೆ ಕೊಡಬೇಕೆಂದು ಕಚೇರಿಯನ್ನು ಕೇಳುವ ಹಕ್ಕು ನಮಗಿದೆ. ಬೀದಿ ವ್ಯಾಪಾರಿಗಳಿಗೆ 2014ರ ಕೇಂದ್ರ ಕಾಯಿದೆ ರಕ್ಷಣೆ ಕೊಟ್ಟಿದೆ. ಸಮೀಕ್ಷೆ ಮಾಡದೆ, ಗುರುತಿನ ಪತ್ರ ಕೊಡದೆ ಅವರನ್ನು ಮನಬಂದಂತೆ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ರಷ್ಟಾದರೂ ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು. ತಳ್ಳುಗಾಡಿಯ ನಮ್ಮ ಎಷ್ಟು ಮಂದಿ ಸಹೋದರರಿಗೆ ಈ ವಿಷಯ ತಿಳಿದಿದೆ? ಶುಕ್ರವಾರದ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ಓದು ಬಲ್ಲ ಯುವಕರು ಕುಳಿತು ಇಂತಹ ಅರ್ಜಿಗಳನ್ನು ತುಂಬಿಕೊಡುವುದು ಒಂದು ಸತ್ಕರ್ಮವಲ್ಲವೇ?

ಲಂಚದ ಮಾತನ್ನೂ ಇಲ್ಲಿ ಹೇಳಬೇಕು. ನಿಯಮದಂತೆ ನಡೆಯುವುದಕ್ಕಿಂತ ಇನ್‌ಸ್ಪೆಕ್ಟರನ ಕೈ ಬೆಚ್ಚಗೆ ಮಾಡುವುದು ಸುಲಭವೆಂದು ವ್ಯಾಪಾರಿ ತೀರ್ಮಾನಿಸಿದ ದಿನ ನಿಯಂತ್ರಣ ಸತ್ತುಹೋಗುತ್ತದೆ. ಆ ದಿನದಿಂದ ಕಲಬೆರಕೆಯೂ ಒತ್ತುವರಿಯೂ ಬೆಲೆ ಕಟ್ಟಿ ಕೊಳ್ಳುವ ವಸ್ತುಗಳಾಗುತ್ತವೆ. ಪಡೆಯುವವನಂತೆ ಕೊಡುವವನೂ ಅದರಲ್ಲಿ ಪಾಲುದಾರ.

ಮನೆಯ ಒಳಗಿನಿಂದಲೇ ಇದು ಆರಂಭವಾಗಬೇಕು. ಹಸಿ ಕಸ ಒಣ ಕಸಗಳನ್ನು ಬೇರೆ ಮಾಡುವ ತಾಯಿ, ಅಂಗಡಿಯ ಬೋರ್ಡನ್ನು ಫುಟ್‌ಪಾತಿನಿಂದ ಒಳಗೆ ತೆಗೆದಿಡುವ ತಂದೆ, ನಲ್ಲಿಯನ್ನು ಬಿಗಿಯಾಗಿ ತಿರುಗಿಸುವ ಮಗು - ಇವರು ಮೂವರೂ ಊರಿನ ಆಡಳಿತದಲ್ಲಿ ಪಾಲ್ಗೊಂಡವರೇ. ಮಿರ್ಜಾ ಇಸ್ಮಾಯಿಲ್ ಅವರಿಗೆ ರಾಜ್ಯವನ್ನೇ ಒಪ್ಪಿಸಲಾಗಿತ್ತು, ಅವರು ಬೀದಿಯನ್ನೂ ನೋಡಿದರು. ನಮಗೆ ಒಪ್ಪಿಸಿರುವುದು ಒಂದು ಮನೆಯ ಹೊಸ್ತಿಲು, ಒಂದು ಅಂಗಡಿಯ ಮುಂಭಾಗ, ಒಂದು ಓಣಿ. ಅಷ್ಟರ ಲೆಕ್ಕವನ್ನಾದರೂ ನಾವು ಸರಿಯಾಗಿ ಕೊಡಬಲ್ಲೆವೇ ಎಂದು ಪ್ರತಿಯೊಬ್ಬರೂ ಯೋಚಿಸಬೇಕಾಗಿದೆ.